ಅಪ್ಪನ ಮುರಿದ ಕೈ, ಕಬ್ಬಿನ ಬಿಲ್ಲು, ಅಣ್ಣನ ಮಾರುಕಟ್ಟೆ

ಓದುಗರ ಪ್ರಶ್ನೆ: ನಾವು ಜಮಖಂಡಿ ತಾಲ್ಲೂಕಿನವರು. ನಾಲ್ಕು ಎಕರೆ ಕಬ್ಬು ಇದೆ. ಕಬ್ಬು ಕಾರ್ಖಾನೆಗೆ ಹೋಗಿ ಐದು ತಿಂಗಳಾದರೂ ಬಿಲ್ ಬಂದಿರಲಿಲ್ಲ. ಅದಕ್ಕಾಗಿ ನಡೆದ ರಸ್ತೆ ತಡೆಯಲ್ಲಿ ಪೊಲೀಸರು ಲಾಠಿ ಬೀಸಿದರು. ನಮ್ಮ ಅಪ್ಪನ ಎಡಗೈ ಮುರಿಯಿತು. ಅವರಿಗೆ 62 ವರ್ಷ. ಕಲ್ಲು ಎಸೆದವರಲ್ಲ, ರಸ್ತೆಯ ಬದಿಗೆ ಕುಳಿತಿದ್ದರು. ದವಾಖಾನೆಯಲ್ಲಿ ಊರ ಹಿರಿಯರೊಬ್ಬರು "ಬಿದ್ದೆ ಅಂತ ಬರೆಸ್ರಿ, ಇಲ್ಲಾಂದ್ರ ಕೇಸ್ ಬೀಳತೈತಿ" ಅಂದರು. ಹಾಗೇ ಬರೆಸಿದೆವು. ಈಗ ನೋಡಿದರೆ ಎಫ್‌ಐಆರ್‌ನಲ್ಲಿ ಅಪ್ಪನ ಹೆಸರು ಇದ್ದೇ ಇದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಅಣ್ಣ, "ಬೆಲೆಯನ್ನು ಮಾರುಕಟ್ಟೆ ಠರಾಯಿಸಬೇಕು, ಬೀದಿ ಅಲ್ಲ. ರಸ್ತೆಗೆ ಇಳಿದದ್ದೇ ತಪ್ಪು" ಎನ್ನುತ್ತಾನೆ. ಪೊಲೀಸರ ಮೇಲೆ ದೂರು ಕೊಡಬಹುದೇ? ಅಣ್ಣ ಹೇಳುವುದು ಸರಿಯೇ?

ಉತ್ತರ: ತಂಗಿ, ಮೊದಲು ಕೈಯ ವಿಚಾರ. ಎಕ್ಸ್‌ರೇ ಫಿಲ್ಮ್ ಎಲ್ಲಿದೆ? ಅಟ್ಟದ ಮೇಲಿದ್ದರೂ ಇವತ್ತೇ ಇಳಿಸಿ ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಅಪ್ಪನ ಹೆಸರು, ತಾರೀಖು ಇದೆಯೇ? ಮುರಿದಿರುವುದು ಮಣಿಕಟ್ಟಿನ ಹತ್ತಿರವೋ, ಮುಂಗೈಯ ನಡುವಿನಲ್ಲೋ?

ಇದನ್ನು ಕೇಳಲು ಕಾರಣವಿದೆ. ಮನುಷ್ಯ ಮುಗ್ಗರಿಸಿ ಬೀಳುವಾಗ ಅಂಗೈ ಊರುತ್ತಾನೆ, ಆಗ ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟಿನ ಬಳಿಯ ಎಲುಬು. ತಲೆಯ ಮೇಲೆ ಬರುವ ಏಟನ್ನು ತಡೆಯಲು ಕೈ ಎತ್ತಿದವನಿಗೆ ಮುರಿಯುವುದು ಮುಂಗೈಯ ಕಿರುಬೆರಳ ಕಡೆಯ ಎಲುಬು, ಅದೂ ನಟ್ಟನಡುವೆ. ಮೂಳೆ ವೈದ್ಯರು ಇದಕ್ಕೆ 'ನೈಟ್‌ಸ್ಟಿಕ್ ಫ್ರ್ಯಾಕ್ಚರ್' ಎಂದು ಹೆಸರೇ ಇಟ್ಟಿದ್ದಾರೆ. ನೈಟ್‌ಸ್ಟಿಕ್ ಎಂದರೆ ಪೊಲೀಸ್ ಬಡಿಗೆ. ಹಾಗೆಯೇ ಲಾಠಿ ಬಿದ್ದ ಮೈಮೇಲೆ ರೈಲು ಹಳಿಯಂತೆ ಎರಡು ಸಮಾನಾಂತರ ಕೆಂಪು ಗೆರೆ ಏಳುತ್ತವೆ, ನಡುವಿನ ಚರ್ಮ ಬಿಳಿಚಿಕೊಂಡಿರುತ್ತದೆ. ಬೆನ್ನು, ತೊಡೆ, ಭುಜದ ಮೇಲೆ ಅಂಥ ಬರೆ ಇದ್ದು, ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಅಳಿಸಬೇಡಿ. ಬರೆ ವಾರ ಹತ್ತು ದಿನಕ್ಕೆ ಮಾಯುತ್ತದೆ. ಎಲುಬಿನ ಸಾಕ್ಷಿ ಎಕ್ಸ್‌ರೇಯಲ್ಲಿ ಉಳಿಯುತ್ತದೆ.

ಊರ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಕೋರ್ಟು, ಕೇಸಿಗೆ ಹೆದರುವ ಎಷ್ಟೋ ರೈತ ಕುಟುಂಬಗಳು ಹೀಗೇ ಬರೆಸುತ್ತವೆ. "ಎಮ್ಮಿ ಹಾಯಿತು", "ಬೈಕಿನಿಂದ ಬಿದ್ದೆ", "ಬಾವಿಕಟ್ಟಿ ಜಾರಿತು" ಎಂಬ ಮಾತು ಇರುವ ಗಾಯದ ಪ್ರಮಾಣಪತ್ರಗಳನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಓದಿದ್ದೇನೋ. ಆದರೆ ಆ ಒಂದು ಸಾಲು ಮುಂದೆ ಸರ್ಕಾರಿ ವಕೀಲರ ಕೈಗೆ ನಾವೇ ಕೊಟ್ಟ ಬಡಿಗೆ ಆಗುತ್ತದೆ. ಸರಿಪಡಿಸಲು ದಾರಿ ಇದೆ. ಅಪ್ಪ ಅದೇ ದವಾಖಾನೆಯ ವೈದ್ಯಾಧಿಕಾರಿಗೆ ಒಂದು ಪತ್ರ ಬರೆಯಲಿ: ಇಂಥ ದಿನ ಇಷ್ಟು ಗಂಟೆಗೆ ನನಗೆ ಆದ ಗಾಯ ಪೊಲೀಸ್ ಲಾಠಿಯಿಂದ ಆದದ್ದು, ಕೇಸಿನ ಹೆದರಿಕೆಯಿಂದ ಬಿದ್ದೆ ಎಂದು ಹೇಳಿದೆ, ದಾಖಲೆಯ ಜೊತೆ ಈ ಪತ್ರ ಇಡಿ. ಪತ್ರದ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ ಎಕ್ಸ್‌ರೇಯನ್ನು ಇನ್ನೊಬ್ಬ ಮೂಳೆ ತಜ್ಞರಿಗೆ ತೋರಿಸಿ, ಈ ಮುರಿತ ಬಿದ್ದು ಆಗುವಂಥದ್ದೋ ಏಟಿನಿಂದ ಆಗುವಂಥದ್ದೋ ಎಂಬ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಿರಿ. ತಡವಾದದ್ದೇ ಮುಳುವಾಗುವುದಿಲ್ಲ, ತಡಕ್ಕೆ ಕಾರಣ ಹೇಳದಿರುವುದು ಮುಳುವಾಗುತ್ತದೆ. ಲಾಠಿ ತಿಂದವನು ಲಾಠಿಯವರಿಗೆ ಹೆದರಿದ ಎಂಬುದು ನ್ಯಾಯಾಧೀಶರಿಗೂ ಅರ್ಥವಾಗುವ ಕಾರಣವೇ.

ವಿಡಿಯೊ ಇದ್ದರೆ ಯಾರ ಫೋನಿನಲ್ಲಿ ಚಿತ್ರಿಸಿದರೋ ಆ ಫೋನನ್ನೇ ಜೋಪಾನ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಗುಂಪು ಸುತ್ತಿ ಬಂದ ತುಣುಕಿನಲ್ಲಿ ತಾರೀಖು, ಸಮಯದ ಮೂಲ ವಿವರ ಉಳಿದಿರುವುದಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರವೂ ಬೇಕು, ಅದನ್ನು ನಿಮ್ಮ ವಕೀಲರು ತಯಾರಿಸುತ್ತಾರೆ. ರಸ್ತೆಯ ಆಚೀಚೆ ಪೆಟ್ರೋಲ್ ಬಂಕ್, ಬೇಕರಿ, ಗೊಬ್ಬರದ ಅಂಗಡಿ ಇದ್ದರೆ ಅವರ ಸಿಸಿಟಿವಿ ಬಗ್ಗೆ ಇಂದೇ ಕೇಳಿ. ಹೆಚ್ಚಿನವು ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡುಬಿಡುತ್ತವೆ. ಪೊಲೀಸ್ ಠಾಣೆಯೊಳಗೆ ಏನಾದರೂ ನಡೆದಿದ್ದರೆ ಮಾತು ಬೇರೆ: 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಠಾಣೆಯ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕೆಂದು ಹೇಳಿದೆ.

ಇನ್ನು ದೂರು ಕೊಡಬಹುದೇ ಎಂಬ ಪ್ರಶ್ನೆ. ಕೊಡಬಹುದು, ಕೊಡಲೇಬೇಕು. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ಬಿಚ್ಚಿ ಹೇಳುತ್ತೇನೆ.

ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ಆಯುಧವಿಲ್ಲದೆ ಸೇರುವ ಹಕ್ಕು ಕೊಡುತ್ತದೆ. ಅದಕ್ಕೆ ಯುಕ್ತ ನಿರ್ಬಂಧ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಜನ ಚದುರದಿದ್ದರೆ ಪೊಲೀಸರು ಬಲ ಬಳಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಅಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 129 ಆಗಿತ್ತು, 2024ರ ಜುಲೈ 1ರಿಂದ ನಂಬರು ಬದಲಾಗಿದೆ. ಆ ಕಲಮಿನ ಕ್ರಮ ಸರಳ. ಕಾರ್ಯನಿರ್ವಾಹಕ ದಂಡಾಧಿಕಾರಿಯೋ (ತಹಶೀಲ್ದಾರರಂಥವರು) ಠಾಣಾಧಿಕಾರಿಯೋ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೋ ಮೊದಲು ಚದುರಿ ಎಂದು ಆಜ್ಞೆ ಮಾಡಬೇಕು. ಆಜ್ಞೆ ಕೇಳಿಯೂ ಜನ ಚದುರದಿದ್ದರೆ ಬಲ. ಹಾಗಾಗಿ ನೀವು ನೆನಪು ಮಾಡಿಕೊಳ್ಳಬೇಕಾದದ್ದು ಇಷ್ಟು: ಮೈಕಿನಲ್ಲಿ ಯಾರಾದರೂ ಹೇಳಿದರೇ? ತಹಶೀಲ್ದಾರರು ಸ್ಥಳದಲ್ಲಿದ್ದರೇ? ಹೇಳಿದ ಮೇಲೆ ಎದ್ದು ಹೋಗಲು ಎಷ್ಟು ಹೊತ್ತು ಕೊಟ್ಟರು? ನಿಷೇಧಾಜ್ಞೆ ಇತ್ತೇ, ಇದ್ದರೆ ಎಲ್ಲಿ ಪ್ರಕಟವಾಗಿತ್ತು? ಕೂತಿದ್ದ ಅರವತ್ತೆರಡರ ಮುದುಕನಿಗೆ ಎದ್ದು ನಿಲ್ಲುವುದಕ್ಕೇ ಅರ್ಧ ನಿಮಿಷ ಬೇಕು. ಲಾಠಿ ಸೊಂಟದ ಕೆಳಗೆ ಬೀಸಬೇಕೆಂಬುದು ಪೊಲೀಸ್ ತರಬೇತಿಯಲ್ಲೇ ಕಲಿಸುವ ಪಾಠ. ತಲೆ ಕಾಯಲು ಎತ್ತಿದ ಕೈ ಮುರಿದಿದೆ ಎಂದರೆ ಲಾಠಿ ಯಾವ ಎತ್ತರದಲ್ಲಿ ಬರುತ್ತಿತ್ತು ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಎರಡು ತೀರ್ಪು ನಿಮಗೆ ಗೊತ್ತಿರಲಿ. 2011ರ ಜೂನ್ 4ರ ನಡುರಾತ್ರಿ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ಬಿದ್ದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡು 2012ರಲ್ಲಿ, ಮಲಗಿದವರನ್ನು ಎಬ್ಬಿಸಿ ಓಡಿಸುವಂಥ ತುರ್ತು ಏನೂ ಇರಲಿಲ್ಲ ಎಂಬ ನಿಲುವು ತಾಳಿತು. ಸತ್ತ ಮಹಿಳೆಯ ಕುಟುಂಬಕ್ಕೆ 5 ಲಕ್ಷ, ಗಂಭೀರ ಗಾಯಗೊಂಡವರಿಗೆ 50 ಸಾವಿರ, ಸಣ್ಣ ಗಾಯದವರಿಗೆ 25 ಸಾವಿರ ರೂಪಾಯಿ ಎಂದಿತು. ಜೊತೆಗೆ, ಸಂಘಟಕರದ್ದೂ ತಪ್ಪಿದೆ ಎಂದು ಅದರಲ್ಲಿ ಶೇ 25ರಷ್ಟು ಭಾರವನ್ನು ಅವರ ಮೇಲೆ ಹೊರಿಸಿತು. ಎರಡನೆಯದು 2016ರ ಅನಿತಾ ಠಾಕೂರ್ ಪ್ರಕರಣ, ಜಮ್ಮು ಕಾಶ್ಮೀರದ್ದು. ಅಲ್ಲಿ ಮೊದಲು ಕೈ ಮಾಡಿದ್ದು ಪ್ರತಿಭಟನಕಾರರೇ ಎಂದು ಕೋರ್ಟ್ ಒಪ್ಪಿತು. ಆದರೂ ಅವರು ಹಿಡಿತಕ್ಕೆ ಸಿಕ್ಕ ಮೇಲೆ ಹೊಡೆದದ್ದು ಹಕ್ಕಿನ ಉಲ್ಲಂಘನೆ ಎಂದು ಪರಿಹಾರ ಕೊಡಿಸಿತು. ನಿಮ್ಮ ಸಭೆ ಅಕ್ರಮವೇ ಆಗಿತ್ತು ಎಂದು ಪೊಲೀಸರು ವಾದಿಸಿದರೂ ನಿಮಗೆ ಆಧಾರವಾಗುವುದು ಈ ಎರಡನೆಯ ತೀರ್ಪು.

ಈಗ ಕಹಿ ಮಾತು. ಹೊಡೆದ ಪೊಲೀಸನನ್ನು ಕ್ರಿಮಿನಲ್ ಕೋರ್ಟಿನ ಕಟಕಟೆಗೆ ತರುವುದು ಕರ್ನಾಟಕದಲ್ಲಿ ಬಹಳ ಕಷ್ಟ. ಬಾಗಿಲಿಗೆ ಮೂರು ಬೀಗ. ಗುಂಪು ಚದುರಿಸಲು ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿ ಇಲ್ಲದೆ ಮೊಕದ್ದಮೆ ಇಲ್ಲ ಎನ್ನುವ, ಅದೇ ಸುರಕ್ಷಾ ಸಂಹಿತೆಯ 151ನೇ ಕಲಂ ಒಂದು. ಸರ್ಕಾರಿ ನೌಕರರಿಗೆ ಸಾಮಾನ್ಯ ರಕ್ಷಣೆ ಕೊಡುವ 218 ಇನ್ನೊಂದು, ಹಳೆಯ 197. ಮೂರನೆಯದು ನಮ್ಮದೇ ರಾಜ್ಯದ 1963ರ ಪೊಲೀಸ್ ಕಾಯ್ದೆಯ 170ನೇ ಕಲಂ. 2020ರಲ್ಲಿ ದೇವರಾಜ ವಿರುದ್ಧ ಓವೈಸ್ ಸಬೀರ್ ಹುಸೇನ್ ಎಂಬ ಬೆಂಗಳೂರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲಸದ ಭರದಲ್ಲಿ ಅಧಿಕಾರ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟು ಇದ್ದರೆ ಅನುಮತಿ ಬೇಕೇ ಬೇಕು ಎಂದುಬಿಟ್ಟಿತು. ಸರ್ಕಾರದ ಪೊಲೀಸ್ ಹೊಡೆದರೆ ಸರ್ಕಾರವನ್ನೇ ಅಪ್ಪಣೆ ಕೇಳಬೇಕು. ಹೊಸ ಸಂಹಿತೆಯಲ್ಲಿ ಒಂದು ಸಣ್ಣ ಸಮಾಧಾನ ಇದೆ: 218ರ ಅಡಿ ಕೇಳಿದ ಅನುಮತಿಯ ಬಗ್ಗೆ ಸರ್ಕಾರ 120 ದಿನ ಸುಮ್ಮನಿದ್ದರೆ ಅನುಮತಿ ಸಿಕ್ಕಂತೆಯೇ.

ಹಾಗಾದರೆ ದೂರು ಯಾಕೆ? ದಾಖಲೆಗಾಗಿ ಮತ್ತು ಪರಿಹಾರಕ್ಕಾಗಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬಾಗಲಕೋಟೆಯ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಮ್ಯಾಜಿಸ್ಟ್ರೇಟರು ಈಗ ಮೇಲಧಿಕಾರಿಯ ವರದಿ ತರಿಸಿಕೊಂಡು, ಆ ಪೊಲೀಸ್ ಹೇಳುವುದನ್ನೂ ಕೇಳಿ ತನಿಖೆಗೆ ಆದೇಶಿಸಬಹುದು. ಇದು ಸುರಕ್ಷಾ ಸಂಹಿತೆಯ 175(4)ರ ಹೊಸ ಸೇರ್ಪಡೆ, ದಾರಿಯನ್ನು ಇನ್ನಷ್ಟು ಉದ್ದ ಮಾಡಿದೆ. ಇದರ ಜೊತೆಜೊತೆಗೇ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ. ಶುಲ್ಕ ಇಲ್ಲ, ವಕೀಲರು ಬೇಡ, ಕನ್ನಡದಲ್ಲೇ ಸಾಕು. ಒಂದೇ ಎಚ್ಚರ: ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ಕೈಹಾಕುವಂತಿಲ್ಲ. ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಹುಟ್ಟಿದ ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಕೊನೆಗೆ, ಹಣದ ಪರಿಹಾರಕ್ಕೆ ನೇರ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಸಾರ್ವಭೌಮ ರಕ್ಷಣೆಯ, ಅಂದರೆ ಸರ್ಕಾರದ ಮೇಲೆ ಪರಿಹಾರ ಕೇಳುವಂತಿಲ್ಲ ಎಂಬ, ನೆವ ನಡೆಯುವುದಿಲ್ಲ ಎಂದು 1993ರ ನೀಲಬತಿ ಬೆಹೆರಾ ತೀರ್ಪು ಹೇಳಿದೆ. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ. (ವಿಜಯಪುರದವರು ಕಲಬುರಗಿಗೆ ಹೋಗಬೇಕು. ಕೃಷ್ಣೆಯ ಈಚೆಯವರಿಗೊಂದು ಪೀಠ, ಆಚೆಯವರಿಗೊಂದು ಪೀಠ ಎಂದು ನಮ್ಮಲ್ಲಿ ತಮಾಷೆ ಇದೆ.)

ಅಪ್ಪನ ಮೇಲಿನ ಎಫ್‌ಐಆರ್ ಬಗ್ಗೆ ಇಷ್ಟು ಗಾಬರಿ ಬೇಡ. ಇಂಥ ಎಫ್‌ಐಆರ್‌ಗಳದ್ದೆಲ್ಲ ಒಂದೇ ಅಚ್ಚು: ಅಕ್ರಮ ಕೂಟ, ರಸ್ತೆ ಅಡ್ಡಿ, ಆಜ್ಞೆ ಮೀರಿದ್ದು, ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ, ಕೊನೆಗೆ 'ಮತ್ತು ಇತರರು'. ಇವುಗಳಲ್ಲಿ ಜಾಮೀನು ಇಲ್ಲದ್ದು ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 132ನೇ ಕಲಂ, ಗರಿಷ್ಠ ಎರಡು ವರ್ಷ ಶಿಕ್ಷೆ. ಇಲ್ಲಿ ಅಪ್ಪನ ವಯಸ್ಸು ಅವರ ನೆರವಿಗೆ ಬರುತ್ತದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 35(7) ಹೇಳುತ್ತದೆ. ಇದು ಹೊಸದಾಗಿ ಬಂದದ್ದು, ಎಷ್ಟೋ ಠಾಣೆಗಳಲ್ಲಿ ಹೇಳಿದರೆ ಮುಖ ಮುಖ ನೋಡುತ್ತಾರೆ. ಆಧಾರ್ ಕಾರ್ಡಿನ ನಕಲಿನ ಜೊತೆ ಒಂದು ಅರ್ಜಿ ಕೊಟ್ಟಿಡಿ. ಆದರೆ ಎಫ್‌ಐಆರ್‌ನಲ್ಲಿ ನ್ಯಾಯ ಸಂಹಿತೆಯ 109, ಅಂದರೆ ಕೊಲೆ ಯತ್ನ, ಸೇರಿದೆಯೋ ಎಂದು ಮೊದಲು ನೋಡಿ. ಕಲ್ಲು ತೂರಾಟ ಆದ ಕಡೆ ಅದನ್ನೂ ಸೇರಿಸುವುದುಂಟು. ಸೇರಿದ್ದರೆ ತಡಮಾಡದೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಿ. "ಮುಂದ ಸರ್ಕಾರ ರೈತರ ಕೇಸ್ ಹಿಂದಕ್ಕ ತಗೋತೈತಿ, ಸುಮ್ಮನಿರ್ರಿ" ಎನ್ನುವವರು ಸಿಗುತ್ತಾರೆ. ನಂಬಿ ಕೂರಬೇಡಿ. ಸರ್ಕಾರ 43 ಕ್ರಿಮಿನಲ್ ಪ್ರಕರಣಗಳನ್ನು ಹಿಂಪಡೆಯಲು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶವನ್ನು 2025ರ ಮೇನಲ್ಲಿ ಹೈಕೋರ್ಟ್ ರದ್ದು ಮಾಡಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕೇಸು ಸಾಯುವುದಿಲ್ಲ.

ಇಷ್ಟು ಕೈಯ ಕಥೆ. ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಅದೇ.

ಬೆಲೆಯನ್ನು ಮಾರುಕಟ್ಟೆ ಠರಾಯಿಸಬೇಕು ಎನ್ನುತ್ತಾನೆ. ಯಾವ ಮಾರುಕಟ್ಟೆ? ಕಬ್ಬು ಕಡಿದ ಮೇಲೆ ಒಂದು ದಿನದೊಳಗೆ ಅರೆದರೆ ಚೆಂದ, ತಡವಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಗೋದಾಮಿನಲ್ಲಿಟ್ಟು ಬೆಲೆ ಬಂದಾಗ ಮಾರುತ್ತೇನೆ ಎನ್ನಲು ಅದು ಕಡಲೆಯೂ ಅಲ್ಲ, ಬಿಳಿಜೋಳವೂ ಅಲ್ಲ. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೊಮೀಟರ್ ಅಂತರ ಇರಲೇಬೇಕೆಂದು ಸರ್ಕಾರವೇ ನಿಯಮ ಮಾಡಿದೆ. ಅಂದರೆ ಕಾರ್ಖಾನೆಯ ಮಾಲೀಕನಿಗೆ ಪೈಪೋಟಿಯಿಂದ ಕಾನೂನಿನ ರಕ್ಷಣೆ ಇದೆ. ಅವನು ತಯಾರಿಸುವ ಎಥೆನಾಲ್‌ಗೆ ದರ ನಿಗದಿ ಮಾಡುವುದು ಕೇಂದ್ರ, ಕೊಳ್ಳುವುದು ತೈಲ ಕಂಪನಿಗಳು. ಸಕ್ಕರೆಯನ್ನು ಇಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂಬ ಕನಿಷ್ಠ ಬೆಲೆ 2018ರಲ್ಲಿ ಬಂತು, ಕಿಲೊಗೆ 29 ರೂಪಾಯಿ. 2019ರ ಫೆಬ್ರುವರಿಯಲ್ಲಿ 31 ಆಯಿತು. ಸಕ್ಕರೆ ರಫ್ತಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ದಿಲ್ಲಿಯಿಂದ. ಇದರಲ್ಲಿ ಮುಕ್ತ ಮಾರುಕಟ್ಟೆ ಎಲ್ಲಿದೆ ಎಂದು ಅಣ್ಣ ತೋರಿಸಲಿ. ಈ ಸರಪಳಿಯಲ್ಲಿ ನಿಜಕ್ಕೂ ಮಾರುಕಟ್ಟೆಯ ಗಾಳಿಗೆ ಮೈಯೊಡ್ಡಿ ನಿಂತವನು ನಿಮ್ಮ ಅಪ್ಪ ಒಬ್ಬನೇ.

1991ರಿಂದ ಬಂದ ಉದಾರೀಕರಣ ಸಕ್ಕರೆಗೆ ತಡವಾಗಿ ತಲುಪಿತು. ರಂಗರಾಜನ್ ಸಮಿತಿಯ ಶಿಫಾರಸಿನ ನಂತರ 2013ರಲ್ಲಿ ಕೇಂದ್ರ ಲೆವಿ ಸಕ್ಕರೆ ತೆಗೆದುಹಾಕಿತು. ಅಲ್ಲಿಯವರೆಗೆ ಪ್ರತಿ ಕಾರ್ಖಾನೆಯೂ ಉತ್ಪಾದನೆಯ ಶೇ 10ರಷ್ಟನ್ನು ಪಡಿತರಕ್ಕೆ ಅಗ್ಗದ ದರದಲ್ಲಿ ಕೊಡಬೇಕಿತ್ತು. ಆ ಭಾರ ಇಳಿಯಿತು. ಅದೇ ಸಮಿತಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ರೈತನಿಗೆ ಹೋಗಲಿ ಎಂದೂ ಹೇಳಿತ್ತು. ಮಾಲೀಕರ ಭಾರ ಇಳಿಸುವ ಶಿಫಾರಸು ಒಂದೇ ಏಟಿಗೆ ಜಾರಿಯಾಯಿತು, ರೈತನ ಪಾಲಿನ ಮಾತು ಮಾತ್ರ ಕಾಯ್ದೆ, ಮಂಡಳಿ, ಸಭೆಗಳಲ್ಲಿ ಸುತ್ತುತ್ತ ಉಳಿಯಿತು. ನವ ಉದಾರವಾದ ಎಂಬ ದೊಡ್ಡ ಪದಕ್ಕೆ ನಮ್ಮ ಕಡೆಯ ಅರ್ಥ ನನಗೆ ಕಂಡಂತೆ ಇದು: ಲೆಕ್ಕದ ಮೇಜಿನಿಂದ ಸರ್ಕಾರ ಎದ್ದು ಹೋಯಿತು, ರಸ್ತೆಯಿಂದ ಹೋಗಲಿಲ್ಲ. ರೈತನಿಗೆ ಬೆಲೆಯ ಬಗ್ಗೆ ಮಾತಾಡಲು ಸರ್ಕಾರ ಸಿಗುವುದಿಲ್ಲ. ರಸ್ತೆಗೆ ಇಳಿದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ, ಹೆಲ್ಮೆಟ್ ಹಾಕಿಕೊಂಡು.

ಇದು ಇವತ್ತಿನದಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಏನಾಯಿತೆಂದು ನಿಮ್ಮ ಅಪ್ಪನನ್ನು ಕೇಳಿ, ಆಗ ಅವರು ಹುಡುಗ. ಸವದತ್ತಿಯ ನವಿಲುತೀರ್ಥದ ಆಣೆಕಟ್ಟಿನ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದರು. ರೈತರು ಎದ್ದರು, ಗೋಲಿಬಾರ್ ಆಯಿತು. ರೈತರು ಸತ್ತರು, ನರಗುಂದದಲ್ಲಿ ಪೊಲೀಸರೂ ಸತ್ತರು. ರೈತ ಸಂಘ ಹುಟ್ಟಿದ್ದು ಆ ರಕ್ತದಿಂದ. ಈಗಲೂ ಜುಲೈ 21 ನಮ್ಮಲ್ಲಿ ರೈತ ಹುತಾತ್ಮ ದಿನ. ಮುಂದಿನ ದಶಕದಲ್ಲಿ ರೈತ ಸಂಘದ ಅದೇ ಹಸಿರು ಶಾಲು ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ನಿಂತಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಬೀಜದ ಪೇಟೆಂಟು ಎಂದರೇನು ಎಂದು ಹಳ್ಳಿಯ ಕಟ್ಟೆಯ ಮೇಲೆ ಕೂತು ವಿವರಿಸುತ್ತಿದ್ದ ಕಾಲ. 1992ರ ಡಿಸೆಂಬರ್ ಕೊನೆಗೆ ರೈತ ಸಂಘದವರು ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆ ಎಸೆದು ಸುಟ್ಟರು. ಅದು ಸರಿಯೋ ತಪ್ಪೋ ಎಂದು ನಮ್ಮ ವಕೀಲರ ಸಂಘದಲ್ಲಿ ಆಗ ಚಹಾ ಆರುವವರೆಗೆ ಜಗಳ ನಡೆಯುತ್ತಿತ್ತು. ನಾನು ತಪ್ಪು ಎನ್ನುವ ಕಡೆ ಇದ್ದೆ, ಈಗಲೂ ಇದ್ದೇನೆ. ಆದರೆ ಬೀಜದ ಬಗ್ಗೆ ಅವರು ಎತ್ತಿದ ಪ್ರಶ್ನೆ ತಪ್ಪಾಗಿರಲಿಲ್ಲ.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಹೋದರು. 2013ರ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರ, ಅಧಿವೇಶನ ನಡೆಯುತ್ತಿರುವಾಗಲೇ, ಕಬ್ಬಿನ ಬೆಲೆಯ ಧರಣಿಯಲ್ಲಿದ್ದ ರಾಯಬಾಗ ತಾಲ್ಲೂಕಿನ ರೈತರೊಬ್ಬರು ವಿಷ ಕುಡಿದು ಸತ್ತರು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದ ಮೇಲೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ಮುದುಕರೆನ್ನದೆ ಹೊಡೆದರು. ಅದು ಕ್ಯಾಮೆರಾದಲ್ಲಿ ಸಿಕ್ಕಿತ್ತು, ಹಾಗಾಗಿ ಕೆಲವರ ಅಮಾನತಾದರೂ ಆಯಿತು. ವಿಡಿಯೊ ಕಾಯ್ದಿಡಿ ಎಂದು ನಾನು ಅಷ್ಟು ಒತ್ತಿ ಹೇಳಿದ್ದಕ್ಕೆ ಯಮನೂರು ಒಂದು ಕಾರಣ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ಕೊಡಿ ಎಂದು ಸಾವಿರಾರು ರೈತರು ವಾರಕ್ಕೂ ಹೆಚ್ಚು ಕಾಲ ಹಗಲೂ ರಾತ್ರಿ ಕುಳಿತರು. 7ನೇ ತಾರೀಖು ಮುಖ್ಯಮಂತ್ರಿ 3,300 ಘೋಷಿಸಿದರು. ಅದೇ ದಿನ ಹತ್ತರಗಿ ಟೋಲ್ ಹತ್ತಿರ ಕಲ್ಲೂ ಬಿದ್ದವು, ಲಾಠಿಯೂ ಬಿತ್ತು. ಇತ್ತ ವಿಜಯಪುರದಲ್ಲಿ ಆ ಹೊತ್ತಿಗೆ, ಖಾಸಗಿ ಸಹಭಾಗಿತ್ವದ ವೈದ್ಯಕೀಯ ಕಾಲೇಜು ಬೇಡ, ಸರ್ಕಾರಿ ಕಾಲೇಜೇ ಬೇಕು ಎಂಬ ಧರಣಿ ನಡೆಯುತ್ತಿತ್ತು. ವಿಷಯ ಬೇರೆ ಬೇರೆ ಇರಬಹುದು, ಆದರೆ ಕೇಳುತ್ತಿರುವುದು ಒಂದೇ: ನಮ್ಮ ಬದುಕಿನ ಲೆಕ್ಕದಲ್ಲಿ ಸರ್ಕಾರ ಎಲ್ಲಿದೆ?

ಅಣ್ಣನ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ರಸ್ತೆ ಎಲ್ಲರದು. ದಿಲ್ಲಿಯ ಶಾಹೀನ್‌ಬಾಗ್ ರಸ್ತೆ ಧರಣಿಯ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲ ಎಂದಿದೆ. ಅದನ್ನು ಒಪ್ಪದವರೂ ಪಾಲಿಸಬೇಕು. ಹೆರಿಗೆಗೆ ಹೊರಟ ಹೆಣ್ಣುಮಗಳ ಗಾಡಿ ನಿಂತರೆ ಧರಣಿಯ ನ್ಯಾಯವೂ ಅಲ್ಲೇ ನಿಲ್ಲುತ್ತದೆ. ಗುರ್ಲಾಪುರದ ನಂತರ ಮುಧೋಳ ಭಾಗದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಸುಟ್ಟವು. ಹಚ್ಚಿದವರು ಯಾರು ಎಂಬ ತಕರಾರು ಬೇರೆ. ಸುಟ್ಟದ್ದು ಮಾತ್ರ ಇನ್ನೊಬ್ಬ ರೈತನ ವರ್ಷದ ದುಡಿಮೆ. ಪೊಲೀಸರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಲಾಠಿ ಹಿಡಿದು ನಿಂತ ಹುಡುಗರಲ್ಲಿ ಬಹಳಷ್ಟು ಜನ ರೈತರ ಮಕ್ಕಳೇ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು, ಹೊಟ್ಟೆಗೆ ಸರಿಯಾಗಿ ಇಲ್ಲದೆ ಬಿಸಿಲಲ್ಲಿ ನಿಂತವರು. ಒಬ್ಬ ಕಾನ್‌ಸ್ಟೆಬಲ್ ನನ್ನ ಕಚೇರಿಯಲ್ಲೇ ಕುಳಿತು, "ನಮ್ಮಪ್ಪಂದೂ ಎರಡು ವರ್ಷದ ಬಿಲ್ ಬರೂದೈತ್ರಿ ಸರ್" ಎಂದದ್ದುಂಟು. ಹೊಡೆಯಿರಿ ಎಂದವರು ಯಾರು ಎಂಬುದು ಅದಕ್ಕೇ ಮುಖ್ಯ. ದೂರಿನಲ್ಲಿ ಹೊಡೆದವನ ಮುಖಕ್ಕಿಂತ, ಸ್ಥಳದಲ್ಲಿದ್ದ ಹಿರಿಯ ಅಧಿಕಾರಿ ಯಾರು, ಆಜ್ಞೆ ಯಾವಾಗ ಕೊಟ್ಟರು ಎಂಬುದಕ್ಕೆ ಒತ್ತು ಕೊಡಿ.

ಆದರೂ ಅಣ್ಣ ಮರೆತ ಒಂದು ಕಾನೂನು ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ. ಆಗಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು, ಜಿಲ್ಲಾಧಿಕಾರಿ ಸಕ್ಕರೆ ದಾಸ್ತಾನು ಜಪ್ತಿ ಮಾಡಬಹುದು. ನಿಮ್ಮ ಅಪ್ಪ ರಸ್ತೆಗೆ ಹೋದದ್ದು ಐದನೆಯ ತಿಂಗಳಿನಲ್ಲಿ. ಹದಿನೈದನೆಯ ದಿನವೇ ಕಾನೂನು ಮುರಿದವರು ಬೇರೆ ಇದ್ದರು, ಅವರ ಗೇಟಿಗೆ ಯಾವ ತುಕಡಿಯೂ ಹೋಗಲಿಲ್ಲ.

ಹಾಗಾಗಿ ನಿಮಗೆ ಎರಡು ಫೈಲು ಬೇಕು, ಒಂದು ಕೈಯದು, ಇನ್ನೊಂದು ಬಿಲ್ಲಿನದು. ಎರಡನೆಯದನ್ನು ಜನ ಮರೆತುಬಿಡುತ್ತಾರೆ. ತೂಕದ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ. ಬಾಕಿ ಮತ್ತು ಬಡ್ಡಿ ಎರಡನ್ನೂ ಕೇಳಿ ಜಿಲ್ಲಾಧಿಕಾರಿಗೂ ಸಕ್ಕರೆ ಆಯುಕ್ತರಿಗೂ ಅರ್ಜಿ ಹಾಕಿ. ಬಡ್ಡಿ ಎಂದ ಕೂಡಲೇ ರೈತರೇ ನಗುತ್ತಾರೆ, ಅಸಲೇ ಇಲ್ಲ ಬಡ್ಡಿ ಎಲ್ಲಿಂದ ಎಂದು. ಲೆಕ್ಕ ಮಾಡಿ ನೋಡಿ. ಎಕರೆಗೆ 40 ಟನ್ ಎಂದುಕೊಂಡರೂ ನಾಲ್ಕು ಎಕರೆಗೆ 160 ಟನ್. ಕಟಾವು, ಸಾಗಣೆ ಕಳೆದು ಟನ್ನಿಗೆ 3,000 ಎಂದು ಹಿಡಿದರೆ 4,80,000 ರೂಪಾಯಿ. ಶೇ 15ರಂತೆ ತಿಂಗಳಿಗೆ 6,000. 14 ದಿನದ ಗಡುವು ಬಿಟ್ಟು ಸುಮಾರು ನಾಲ್ಕೂವರೆ ತಿಂಗಳಿಗೆ 27,000. ಅಪ್ಪನ ಕೈಗೆ ರಾಡ್ ಹಾಕಿಸಿದ್ದರೆ ಆ ಖರ್ಚಿನ ದೊಡ್ಡ ಭಾಗ ಇದರಲ್ಲೇ ಬಂತು.

ಸಕ್ಕರೆ ಇಳುವರಿಯನ್ನೂ, ಅಂದರೆ ಅರೆದ ಕಬ್ಬಿನಲ್ಲಿ ಶೇಕಡಾ ಎಷ್ಟು ಸಕ್ಕರೆ ಬಂತು ಎಂಬುದನ್ನೂ, ನೋಡಿ. 2025-26ರ ಹಂಗಾಮಿಗೆ ಕೇಂದ್ರದ ನ್ಯಾಯಯುತ ದರ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅದಕ್ಕಿಂತ ಮೇಲಿನ ಪ್ರತಿ 0.1ಕ್ಕೆ 3.46 ಹೆಚ್ಚು. ಪುಸ್ತಕದಲ್ಲಿ ಇಳುವರಿ ಅರ್ಧ ಅಂಶ ಕಡಿಮೆ ಬರೆದರೆ ಟನ್ನಿಗೆ 173 ರೂಪಾಯಿ ಹೋಯಿತು, 160 ಟನ್ನಿಗೆ 27,680. ಇಳುವರಿ ಅಳೆಯುವ ಪ್ರಯೋಗಾಲಯ ಕಾರ್ಖಾನೆಯೊಳಗೇ ಇದೆ, ಕಾಟಾ ಸಹ ಅವರದೇ. ನಿಮ್ಮ ಕಾರ್ಖಾನೆ ಘೋಷಿಸಿದ ಇಳುವರಿ ಎಷ್ಟು, ಸುತ್ತಲಿನ ಕಾರ್ಖಾನೆಗಳದ್ದು ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಸಕ್ಕರೆ ನಿರ್ದೇಶನಾಲಯವನ್ನು ಕೇಳಬಹುದು.

ಈ ಎರಡನೇ ಫೈಲನ್ನು ಅಣ್ಣನಿಗೇ ವಹಿಸಿ. ತೂಕದ ಚೀಟಿಗಳ ಫೋಟೊ ಕಳಿಸಿ, ಬೆಂಗಳೂರಿನಲ್ಲಿ ಕುಳಿತು ಎಕ್ಸೆಲ್‌ನಲ್ಲಿ ಹಾಕಲಿ. ಮೊದಲನೆಯದನ್ನು ತೆಗೆದುಕೊಂಡು ನೀವು ಅಪ್ಪನ ಜೊತೆ ಬರುವ ವಾರವೇ ವಕೀಲರ ಬಳಿ ಹೋಗಿ. ಎಕ್ಸ್‌ರೇ ಮಡಚಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಒಯ್ಯಿರಿ.